ಉಲ್ಟಾ ವಿಮಾನ ಬಂತು, ಒಂದು ಬ್ಲೇಡ್ ಮುರಿದೇ ಬಂತು

ಜೋಡಿಸೋಕೆ ತರಿಸಿದ ಪುಟ್ಟ ಮಾದರಿ ವಿಮಾನ ಇದು. ಇದರ ಮೂತಿ ಯಾವುದು, ಬಾಲ ಯಾವುದು, ಹೇಳಿ ನೋಡೋಣ. ಚೂಪಾಗಿ ಇದೆಯಲ್ಲ, ಎರಡು ಪುಟ್ಟ ರೆಕ್ಕೆ ಇರೋ ಕಡೆ, ಅದೇ ಮುಂದು. ಪ್ರೊಪೆಲ್ಲರ್ ಎರಡೂ ಹಿಂದೆ. ಪಿಯಾಜಿಯೊ ಅವಂತಿ, ಪಿ.180. ಇಟಲಿಯವರದ್ದು, 1986ರಲ್ಲಿ ಮೊದಲು ಹಾರಿತು. ಪಕ್ಕದಲ್ಲಿರೋದು ಕಿಂಗ್ ಏರ್ ಬಿ200, ಅಮೆರಿಕದ ಬೀಚ್‌ಕ್ರಾಫ್ಟ್. ಅದನ್ನ ಹೋದ ತಿಂಗಳೇ ಜೋಡಿಸಿಟ್ಟಿದ್ದೆ. ನೋಡೋಕೆ ಬೋರು. ಇವತ್ತಿನ ಹೀರೋ ಅವಂತಿ.

ಹೌದು, ಅದೇ ಪಿಯಾಜಿಯೊ. ನಮ್ಮ ಬೆಳಗಾವಿಯ ಖಡೇ ಬಜಾರ್ ತುಂಬ ಓಡಾಡುತ್ತಲ್ಲ, ಆಪೆ ಗಾಡಿ, ಅದರ ಮೇಲಿರೋದೂ ಇದೇ ಹೆಸರು. ಒಂದು ಕಾಲಕ್ಕೆ ಎಲ್ಲ ಒಂದೇ ಮನೆ, 1960ರ ದಶಕದಲ್ಲಿ ಸ್ಕೂಟರ್‌ನವರು ಬೇರೆ, ವಿಮಾನದವರು ಬೇರೆ ಆದರು. ಆಪೆ ಓಡಿಸೋ ಅಣ್ಣಂದಿರಿಗೆ ಈ ವಿಡಿಯೋ ತೋರಿಸಿ, ಖುಷಿಪಡ್ತಾರೆ.

ಸರಿ, ಡಬ್ಬಿ ತೆಗೆದೆ. ಇಲ್ಲಿ ನೋಡಿ. ಜೂಮ್ ಮಾಡ್ತೀನಿ. ಐದು ಬ್ಲೇಡ್ ಇರಬೇಕಾದಲ್ಲಿ ನಾಲ್ಕು, ಐದನೆಯದು ಬುಡದ ಹತ್ತಿರ ಚೂರಾಗಿ ಪ್ಲಾಸ್ಟಿಕ್ ಚೀಲದ ಮೂಲೆಯಲ್ಲಿ ಬಿದ್ದಿದೆ. 3,800 ರೂಪಾಯಿ ಕೊಟ್ಟಿದ್ದೀನಿ ಸ್ವಾಮಿ ಇದಕ್ಕೆ, ಮೇಲೆ ಡೆಲಿವರಿ ಚಾರ್ಜ್ ಬೇರೆ. ತಂದುಕೊಟ್ಟ ಹುಡುಗನನ್ನ ಕೇಳಿದರೆ, "ಅಣ್ಣಾರ, ಪೆಟ್ಟಿಗಿ ನೋಡ್ರಿ, ಟೇಪ ಸರಿ ಐತಿ. ಒಳಗಿಂದು ನಂಗೇನ ಗೊತ್ತು?" ಅಂದ. ಅವನದ್ದೇನೂ ತಪ್ಪಿಲ್ಲ, ಪಾಪ. ಮಾರಿದವರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಒಬ್ಬರು ಬಂದು, ಸರ್, ಬ್ಲೇಡ್ ನಾಜೂಕಾದ ಭಾಗ, ಅದು ರಿಟರ್ನ್‌ಗೆ ಬರಲ್ಲ ಅಂತಾರೆ. ಇಡೀ ಡಬ್ಬಿಯಲ್ಲಿ ನಾಜೂಕಲ್ಲದ್ದು ಯಾವುದಿದೆ ಮೇಡಂ, ರಟ್ಟು ಒಂದೇ ಅಲ್ವಾ? ಡಬ್ಬಿ ಒಡೆಯೋ ವಿಡಿಯೋ ಕಳಿಸಿ ಅಂದರು, ಕಳಿಸಿದೆ. ಫೈಲ್ ದೊಡ್ಡದಾಯ್ತು ಅಂದರು. ಸಣ್ಣದು ಮಾಡಿ ಕಳಿಸಿದೆ. ಈಗ ಮುರಿದಿದ್ದು ಸರಿಯಾಗಿ ಕಾಣಿಸ್ತಿಲ್ಲವಂತೆ! ಕೊನೆಗೆ 150 ರೂಪಾಯಿ ಕೂಪನ್. ಅದನ್ನ ಬಳಸೋಕೆ ಮತ್ತೆ ಅವರ ಹತ್ತಿರವೇ 2,000ದ್ದು ಏನಾದರೂ ತಗೋಬೇಕು. ಅವ್ವ ಇದನ್ನೆಲ್ಲ ಕೇಳಿಸಿಕೊಂಡು, "ಆ ರೊಕ್ಕದಾಗ ನನಗೊಂದು ಇಳಕಲ್ ಸೀರಿ ಬರತಿತ್ತು" ಅಂದಳು. ಉತ್ತರ ಇರಲಿಲ್ಲ.

ಅಂಟು ತರೋಕೆ ಹೋದೆ. ಎರಡನೇ ರೈಲ್ವೆ ಗೇಟ್ ಹಾಕಿತ್ತು. ಟಿಳಕವಾಡಿಯವರಿಗೆ ಹೇಳಬೇಕಾಗಿಲ್ಲ. ಒಂದು ರೈಲು ಹೋಯ್ತು, ಗೇಟ್ ಎತ್ತಲಿಲ್ಲ, ಇನ್ನೊಂದು ಬರ್ತಿದೆಯಂತೆ. ಅಲ್ಲೇ ನಿಂತು ಒಬ್ಬರು ಕಬ್ಬಿನ ರೇಟ್ ಬಗ್ಗೆ ಚೆನ್ನಾಗಿ ಮಾತಾಡಿದರು, ಅದನ್ನೂ ಹಾಕೋಣ ಅಂದುಕೊಂಡೆ, ಆದರೆ... ಅಯ್ಯೋ, ಅಂಟಿಸೋ ಶಾಟ್ ಶುರುವಾಯ್ತು.

ಈ ಬ್ಲೇಡಿನ ಮುಂದೆ ಎರಡು ಸಣ್ಣ ಕೊಳವೆ ಕಾಣ್ತಿದೆಯಲ್ಲ, ಅದು ಎಂಜಿನ್ನಿನ ಹೊಗೆ ಕೊಳವೆ. ಎರಡೂ ವಿಮಾನದಲ್ಲಿ ಎಂಜಿನ್ ಒಂದೇ ಮನೆತನದ್ದು, ಕೆನಡಾದ ಪಿಟಿ6. ಇದರೊಳಗೆ ಗಾಳಿ ಪ್ರೊಪೆಲ್ಲರ್‌ನಿಂದ ದೂರದ ತುದಿಯಲ್ಲಿ ಒಳಗೆ ಹೋಗಿ, ಪ್ರೊಪೆಲ್ಲರ್ ಕಡೆಗೆ ಬಂದು ಹೊರಗೆ ಬೀಳುತ್ತೆ. ಗಾಳಿ ಒತ್ತೋ ಭಾಗಕ್ಕೂ ಪ್ರೊಪೆಲ್ಲರ್ ತಿರುಗಿಸೋ ಟರ್ಬೈನ್‌ಗೂ ನಡುವೆ ಶಾಫ್ಟ್ ಇಲ್ಲ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನ ಆನ್ ಮಾಡಿದರೆ ಇನ್ನೊಂದು ಸುಮ್ನೆ ತಿರುಗುತ್ತಲ್ಲ, ಹಾಗೆ. ಕಿಂಗ್ ಏರ್‌ನಲ್ಲಿ ಪ್ರೊಪೆಲ್ಲರ್ ಮುಂದಿದೆ, ಹೊಗೆ ಅದರ ಹಿಂದೆ ಬಿದ್ದು ಹೋಗುತ್ತೆ. ಅವಂತಿಯಲ್ಲಿ ಎಂಜಿನ್ ತಿರುಗಿಸಿ ಕೂರಿಸಿದ್ದಾರೆ, ಬಿಸಿ ಹೊಗೆ ನೇರ ಬ್ಲೇಡಿಗೇ ಬಡಿಯುತ್ತೆ. ಬ್ಲೇಡಿನ ಮೇಲೆ ಐಸ್ ಕಟ್ಟಲ್ಲ, ಅದು ಲಾಭ. ಆದರೆ ಆ ಸದ್ದು! ನೆಲದ ಮೇಲಿರೋರಿಗೆ ಕಿವಿಗೆ ಕೊರೆದ ಹಾಗೆ ಕೇಳುತ್ತೆ. 2014ರಲ್ಲಿ ಬಂದ ಈವೋ ಮಾಡೆಲ್‌ನಲ್ಲಿ ಬ್ಲೇಡ್ ಬಾಗಿಸಿ ಸದ್ದು ಕಮ್ಮಿ ಮಾಡಿದರು.

ಈಗ ರೆಕ್ಕೆ. ಮಾಮೂಲಿ ವಿಮಾನದ ಹಿಂದಿನ ಪುಟ್ಟ ರೆಕ್ಕೆ ಬಾಲವನ್ನ ಕೆಳಗೆ ಒತ್ತುತ್ತೆ, ಆ ಹೊರೆಯನ್ನ ದೊಡ್ಡ ರೆಕ್ಕೆಯೇ ಹೊರಬೇಕು. ಅವಂತಿಯಲ್ಲಿ ಮೂತಿಯ ರೆಕ್ಕೆ ಮೇಲಕ್ಕೆ ಎತ್ತುತ್ತೆ, ಹಾಗಾಗಿ ದೊಡ್ಡ ರೆಕ್ಕೆ ಚಿಕ್ಕದಾದರೂ ನಡೆಯುತ್ತೆ. ಅದು 16 ಚದರ ಮೀಟರ್, ಬಿ200ದ್ದು 28. ಎರಡಕ್ಕೂ ಒಂದೊಂದು ಎಂಜಿನ್‌ಗೆ 850 ಅಶ್ವಶಕ್ತಿ. ಅವಂತಿ ಗಂಟೆಗೆ 700 ಕಿಲೋಮೀಟರ್ ದಾಟುತ್ತೆ, ಬಿ200 540ರ ಆಸುಪಾಸಿನಲ್ಲೇ ನಿಲ್ಲುತ್ತೆ. ಒಳಗೂ ಅಷ್ಟೇ: ರೆಕ್ಕೆಯ ತೊಲೆ ಸೀಟುಗಳ ಹಿಂದೆ ಹಾದುಹೋಗುತ್ತೆ, ಕ್ಯಾಬಿನ್ ಎತ್ತರ 1.75 ಮೀಟರ್. ಕಿಂಗ್ ಏರ್‌ನಲ್ಲಿ 1.45, ಬೆನ್ನು ಬಗ್ಗಿಸಿಕೊಂಡೇ ನಡೀಬೇಕು.

ಇಷ್ಟೆಲ್ಲ ಇದ್ದೂ ಅವಂತಿ ಮಾರಾಟವಾಗಿದ್ದು ಸುಮಾರು 250. ಬೋರು ಅಂದೆನಲ್ಲ, ಆ ಕಿಂಗ್ ಏರ್ ಕುಟುಂಬ 1964ರಿಂದ 7,000ಕ್ಕೂ ಜಾಸ್ತಿ. ಯಾಕೆ ಅಂತ ಈ ಪ್ರೊಪೆಲ್ಲರ್ ಕೈಯಲ್ಲಿ ಹಿಡಿದಾಗಲೇ ಗೊತ್ತಾಯ್ತು. ಇದು ಚಕ್ರದ ಹಿಂದಿದೆ. ಕಲ್ಲುಮಣ್ಣಿನ ರನ್‌ವೇಯಲ್ಲಿ ಚಕ್ರ ಎಗರಿಸಿದ ಕಲ್ಲು ಬಂದು ಬಡಿದರೆ ಬ್ಲೇಡ್ ಗತಿ ಏನು? ಕಿಂಗ್ ಏರ್ ಜಲ್ಲಿ ನೆಲದಲ್ಲೂ ಇಳಿಯುತ್ತೆ, ಆಂಬುಲೆನ್ಸ್ ಆಗುತ್ತೆ, ಮಂತ್ರಿಗಳನ್ನೂ ಹೊರುತ್ತೆ, ರಿಪೇರಿ ಮಾಡೋರು ಎಲ್ಲ ಕಡೆ ಸಿಗ್ತಾರೆ. ಅವಂತಿಯವರು 2018ರಲ್ಲಿ ಸಾಲದಲ್ಲಿ ಮುಳುಗಿ, ಇಟಲಿ ಸರ್ಕಾರ ಆಡಳಿತಾಧಿಕಾರಿಯನ್ನ ಕೂರಿಸಬೇಕಾಯ್ತು. ದುಡ್ಡು ನಂದಾದರೆ ಕಿಂಗ್ ಏರ್. ಯಾರಾದರೂ ಪುಕ್ಕಟೆ ಕರೆದುಕೊಂಡು ಹೋಗೋದಾದರೆ ಅವಂತಿಯೇ, ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ರನ್‌ವೇ ಚೆನ್ನಾಗಿಯೇ ಇದೆ.

ಬ್ಲೇಡ್ ನಿಂತಿತು. ಸ್ವಲ್ಪ ಸೊಟ್ಟ. ಮುಂದಿನ ಶಾಟ್ ಬಣ್ಣದ್ದು, ಬಿಳಿ ಒಂದು ಕೋಟ್ ಆಗಿದೆ, ಎರಡನೆಯದಕ್ಕೆ ಬಿಸಿಲು ಬೇಕು, ಇಲ್ಲಿ ನೋಡಿದರೆ ಜಿಟಿಜಿಟಿ ಮಳೆ ಹಿಡಿದಿದೆ.