ನೀರಿಗೇ ಇಳಿಸಿಲ್ಲ, ಆದರೂ ಸೈಕಲ್ ಚೈನ್ ತುಕ್ಕು ಹಿಡಿಯೋದು ಯಾಕೆ?

[ದೃಶ್ಯ: ಕೆಂಪಗಾದ ಚೈನ್, ತುಂಬಾ ಹತ್ತಿರದಿಂದ]

ನಮಸ್ಕಾರ. ನಿಮ್ಮಲ್ಲಿ ಎಷ್ಟೋ ಜನ ಕೇಳಿರುವ ಪ್ರಶ್ನೆ ಇದು. "ಸಮುದ್ರದ ಪಕ್ಕದ ರಸ್ತೆಯಲ್ಲಿ ಸುಮ್ನೆ ಸೈಕಲ್ ತುಳಿದೆ ಅಷ್ಟೇ. ನೀರಿಗೆ ಇಳಿಸಿಲ್ಲ, ಮರಳಿಗೂ ಹೋಗಿಲ್ಲ. ನೋಡ್ತಾ ನೋಡ್ತಾ ಚೈನ್ ಕೆಂಪಾಯ್ತು. ಯಾಕೆ?"

ತುಕ್ಕಿನ ಪಾಠ ಶಾಲೆಯಲ್ಲೇ ಆಗಿದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಉಪ್ಪೂ ಸೇರಿಕೊಂಡರೆ ಕೆಲಸ ಇನ್ನೂ ಚುರುಕು. ಇಷ್ಟು ಸಾಕು, ಮುಂದೆ ಹೋಗೋಣ. ಕುತೂಹಲ ಇರುವುದು ಬೇರೆ ಕಡೆ. ನೀರಿಗೇ ಹೋಗದ ಸೈಕಲ್ಲಿಗೆ ಉಪ್ಪು ಎಲ್ಲಿಂದ ಬಂತು? ಒಣಗಿ ನಿಂತ ಸೈಕಲ್ಲಿಗೆ ನೀರು ಎಲ್ಲಿಂದ ಬಂತು?

[ದೃಶ್ಯ: ಅಲೆಯ ನೊರೆ, ನಿಧಾನಗತಿಯಲ್ಲಿ]

ಈ ನೊರೆ ನೋಡಿ. ಅಲೆ ಒಡೆದಾಗ ಲೆಕ್ಕವಿಲ್ಲದಷ್ಟು ಗುಳ್ಳೆಗಳು ಮೇಲೆ ಬರುತ್ತವೆ. ಒಂದೊಂದು ಗುಳ್ಳೆ ಪಟ್ ಅಂದಾಗಲೂ ಎರಡು ಸಂಗತಿ ನಡೆಯುತ್ತವೆ. ಗುಳ್ಳೆಯ ತೆಳು ಪೊರೆ ಚೂರುಚೂರಾಗಿ ಸಿಡಿಯುತ್ತದೆ. ಗುಳ್ಳೆ ಇದ್ದ ಗುಂಡಿಯಿಂದ ಸಣ್ಣದೊಂದು ಕಾರಂಜಿ ಮೇಲಕ್ಕೆ ಚಿಮ್ಮುತ್ತದೆ. ಆ ಹನಿಗಳು ಎಷ್ಟು ಚಿಕ್ಕವು ಅಂದರೆ, ಗಾಳಿ ಅವನ್ನು ಕಿಲೋಮೀಟರ್‌ಗಟ್ಟಲೆ ಒಳಕ್ಕೆ ಒಯ್ಯುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದೇ ನೀರು ಕಣ್ಣಿಗೆ ಕಾಣದ ಹನಿಯಾಗಿ ನಿಮ್ಮ ಸೈಕಲ್ ಮೇಲೆ ಕೂರುತ್ತಿದೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಸ್ವಲ್ಪ ನಿಧಾನವಾಗಿಯೇ ಹೇಳ್ತೀನಿ.

ಹನಿ ಆರಿದ ಮೇಲೆ ಉಪ್ಪು ಒಣಗಿತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಪೂರ್ತಿ ಒಣಗುವುದು ಕಡಿಮೆ. ಉಪ್ಪು ಗಾಳಿಯಿಂದಲೇ ನೀರು ಹೀರಿ ತಾನೇ ಅದರಲ್ಲಿ ಕರಗುತ್ತದೆ. ನಾವು ತಿನ್ನುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಹೀಗೆ ಕರಗಲು ಗಾಳಿಯ ತೇವಾಂಶ ಸುಮಾರು ಶೇ. 75 ದಾಟಬೇಕು. ಕಡಲ ಪಕ್ಕದಲ್ಲಿ ಅದು ಆರಾಮಾಗಿ ದಾಟುತ್ತದೆ. ಆದರೆ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಸುಮಾರು ಶೇ. 33 ಸಾಕು! ನಮಗೆ ಹಿತವಾಗಿ ಒಣಗಿದೆ ಅನ್ನಿಸುವ ಕೋಣೆಯಲ್ಲೂ ತೇವಾಂಶ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಅಂದರೆ ನೀವು ಮನೆಯೊಳಗೆ ತಂದು ನಿಲ್ಲಿಸಿದ ಸೈಕಲ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಉಪ್ಪುನೀರು ರಾತ್ರಿಯಿಡೀ ಇರುತ್ತದೆ.

[ದೃಶ್ಯ: ಬಾಟಲ್ ಕೇಜಿನ ಬೋಲ್ಟ್, ತಲೆಯ ಗುಳಿ]

ಈ ಬೋಲ್ಟಿನ ತಲೆ ನೋಡಿ. ಅಲೆನ್ ಕೀ ಕೂರುವ ಗುಳಿಯಲ್ಲಿ ಒಂದು ಹನಿ ನಿಂತಿತ್ತು. ಈಗ ಅಂಚಿನಲ್ಲಿ ಬಿಳಿ ಗೆರೆ, ತಳದ ಮೂಲೆಯಲ್ಲಿ ಕಿತ್ತಳೆ ಚುಕ್ಕೆ. ಸೈಕಲ್ಲಿನ ಬೇರೆಲ್ಲಾ ಭಾಗ ಫಳಫಳ ಹೊಳೆಯುತ್ತಿದ್ದರೂ ತುಕ್ಕು ಇಂಥ ಜಾಗದಿಂದ ಶುರುವಾಗುತ್ತದೆ.

ಹಾಗಾಗಿ ಬಂದ ತಕ್ಷಣ ಚೈನಿಗೆ ಎಣ್ಣೆ ಸುರಿದರೆ ಪ್ರಯೋಜನವಿಲ್ಲ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯಬಲ್ಲದ್ದು ಸಿಹಿನೀರು ಮಾತ್ರ. ಬಿಸಿನೀರು ಬೇಕಾ? ಬೇಡ. 100 ಗ್ರಾಂ ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ, ಕುದಿಯುವ ನೀರಿನಲ್ಲೂ ಸುಮಾರು 39 ಗ್ರಾಂ ಅಷ್ಟೇ. ನೀರಿನ ಬಿಸಿಗಿಂತ ಅದು ಮೂಲೆಮೂಲೆಗೂ ತಲುಪುವುದು ಮುಖ್ಯ. ಅದೇ ದಿನ ತೊಳೆಯುವುದು ಇನ್ನೂ ಮುಖ್ಯ.

ಮರಳು ಮೆತ್ತಿಕೊಂಡಿದ್ದರೆ ದಯವಿಟ್ಟು ಮೊದಲು ಬಟ್ಟೆ ಮುಟ್ಟಬೇಡಿ. ಮರಳಿನಲ್ಲಿ ಹೆಚ್ಚಾಗಿ ಇರುವುದು ಸ್ಫಟಿಕ ಶಿಲೆ. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ 7. ಒಣ ಬಟ್ಟೆಯಲ್ಲಿ ಒರೆಸಿದರೆ ಬಣ್ಣದ ಮೇಲೆ ಗೀರೇ ಗೀರು. ಮೊದಲು ಮೇಲಿನಿಂದ ನೀರು ಬಿಡಿ, ಮರಳು ತಾನಾಗಿ ಇಳಿಯಲಿ. ಆಮೇಲೆ ಸೋಪು ನೀರು, ಮೆತ್ತನೆಯ ಬ್ರಷ್, ಮತ್ತೆ ನೀರು. ಪ್ರೆಷರ್ ವಾಷರ್ ಮಾತ್ರ ಬೇಡವೇ ಬೇಡ. ಆ ರಭಸಕ್ಕೆ ಹಬ್ (ಚಕ್ರದ ನಡುಭಾಗ), ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಜಾಗ), ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಇವುಗಳ ಸೀಲ್ ದಾಟಿ ನೀರು ಒಳಗೆ ನುಗ್ಗುತ್ತದೆ. ಜೊತೆಗೆ ಉಪ್ಪನ್ನೂ ಬೇರಿಂಗಿಗೆ ತಲುಪಿಸುತ್ತದೆ.

ತೊಳೆದ ಮೇಲೆ ಸೈಕಲ್ಲನ್ನು ಎರಡು ಸಲ ನೆಲಕ್ಕೆ ಮೆಲ್ಲಗೆ ಕುಟ್ಟಿ. ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಪೂರ್ತಿ ಒಣಗಿದ ಮೇಲೆ ಒಂದೊಂದು ರೋಲರಿಗೆ ಒಂದೊಂದು ಹನಿ ಎಣ್ಣೆ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ಒಳಗಿನ ಪಿನ್ನಿಗೆ. ಹೊರಗೆ ಉಳಿದದ್ದು ಮರಳಿನ ಜೊತೆ ಸೇರಿ ಚೈನನ್ನೇ ಸವೆಸುತ್ತದೆ. ಡಿಸ್ಕ್ ಬ್ರೇಕಿನ ರೋಟರಿಗೆ, ಅಂದರೆ ಬ್ರೇಕ್ ಹಿಡಿಯುವ ತಟ್ಟೆಗೆ, ಒಂದು ಹನಿಯೂ ತಾಗಬಾರದು. ಕೆಂಪು ಬರೀ ಮೇಲ್ಮೈಯಲ್ಲಿದ್ದರೆ ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ. ಕೊಂಡಿಗಳೇ ಬಿಗಿದುಕೊಂಡಿದ್ದರೆ ಚೈನ್ ಬದಲಿಸುವುದು ಒಳ್ಳೆಯದು.

[ದೃಶ್ಯ: ಸೀಟ್ ಪೋಸ್ಟ್ ಹೊರಗೆ ಎಳೆಯುವುದು]

ಸಮಯ ಆಗ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡ್ತೀನಿ. "ನಂದು ಅಲ್ಯೂಮಿನಿಯಂ ಫ್ರೇಮ್, ತುಕ್ಕಿನ ಚಿಂತೆ ಇಲ್ಲ" ಅನ್ನುವವರು ಗಮನಿಸಿ. ಅಲ್ಯೂಮಿನಿಯಂ ಪಕ್ಕ ಸ್ಟೀಲ್ ಅಥವಾ ಕಾರ್ಬನ್ ಫೈಬರ್ ಇದ್ದು, ನಡುವೆ ಉಪ್ಪುನೀರು ಸೇರಿದರೆ, ಅದೇ ಒಂದು ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ. ಹಾಗೆ ಹುಟ್ಟುವ ಬಿಳಿ ಪುಡಿ ಸೀಟ್ ಪೋಸ್ಟನ್ನು, ಅಂದರೆ ಸೀಟು ಕೂರುವ ಕೊಳವೆಯನ್ನು, ಫ್ರೇಮಿನಲ್ಲೇ ಕಚ್ಚಿ ಹಿಡಿಸುತ್ತದೆ. ಆಗಾಗ ಹೊರಗೆ ಎಳೆದು, ಒರೆಸಿ, ಗ್ರೀಸ್ ಹಚ್ಚಿ. ಕಾರ್ಬನ್ ಇದ್ದರೆ ಗ್ರೀಸ್ ಅಲ್ಲ, ಕಾರ್ಬನ್ ಭಾಗಗಳಿಗೆಂದೇ ಇರುವ ಕಾರ್ಬನ್ ಪೇಸ್ಟ್. ಬೋಲ್ಟಿನ ಥ್ರೆಡ್‌ಗಳಿಗೂ (ತಿರುಪಿನ ಸುತ್ತುಗಳಿಗೂ) ಗ್ರೀಸ್ ಇರಲಿ. ಕಡಲ ಹತ್ತಿರವೇ ಇರುವವರು ಹೊಸ ಚಕ್ರ ಕಟ್ಟಿಸುವಾಗ ಹಿತ್ತಾಳೆಯ ನಿಪ್ಪಲ್ (ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್) ಕೇಳಿ ಹಾಕಿಸಿಕೊಳ್ಳಿ. ಫ್ರೇಮಿಗೆ ಮೊದಲೇ ವ್ಯಾಕ್ಸ್ ಹಚ್ಚಿದ್ದರೆ ತೊಳೆಯುವುದೂ ಸುಲಭ. ಒದ್ದೆ ಸೈಕಲ್ ಮೇಲೆ ಪ್ಲಾಸ್ಟಿಕ್ ಹೊದಿಸಬೇಡಿ.

ಇನ್ನೊಂದು, ಸಮುದ್ರವನ್ನೇ ನೋಡದ ಸೈಕಲ್ಲಿಗೂ ಉಪ್ಪು ತಗಲುತ್ತದೆ. ನಮ್ಮ ಬೆವರಿನಿಂದ! ಮನೆಯೊಳಗೆ ಟ್ರೇನರ್ ಮೇಲೆ (ಸೈಕಲ್ ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ತುಳಿಯುವವರ ಹ್ಯಾಂಡಲ್‌ಬಾರ್ ಟೇಪಿನಡಿ ಬೆವರು ಇಳಿದು ಅಲ್ಲೇ ನಿಲ್ಲುತ್ತದೆ. ಟೇಪ್ ಬದಲಿಸುವಾಗ ಬಾರನ್ನು ಚೆನ್ನಾಗಿ ಒರೆಸಿ ನೋಡಿ. ಬಿಳಿ ಪುಡಿಯ ಅಡಿಯಲ್ಲಿ ಗುಳಿ ಬಿದ್ದಿದ್ದರೆ ಯೋಚನೆ ಮಾಡಬೇಡಿ, ಬಾರ್ ಬದಲಿಸಿ. ಅದು ಮುರಿದರೆ ನೀವು ನೇರ ನೆಲಕ್ಕೆ.