ಮತ ಕೇಳುವವರು ಬಿಡಿಸಿ ಹೇಳಬೇಕಾದದ್ದು

ಕೇಳುಗರಿಗೆ ನಮಸ್ಕಾರ. 2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕ್ಷೇತ್ರದ ಗೆಲುವು ನಿರ್ಧಾರವಾದದ್ದು ಕೇವಲ 89 ಮತಗಳಿಂದ. 2021ರಲ್ಲಿ ಆ ಅಂತರ 745. ಒಂದು ಗುಡ್ಡದ ಸುತ್ತಲಿನ ಮನೆಗಳವರು ಮನಸ್ಸು ಬದಲಿಸಿದರೆ ಫಲಿತಾಂಶವೇ ಬದಲಾಗಬಹುದಾದ ಇಂಥ ಕಡೆಯಲ್ಲೂ ಅಭ್ಯರ್ಥಿಗಳು ಕೈಮುಗಿದು, ಚಿಹ್ನೆಯಿರುವ ಚೀಟಿ ಕೊಟ್ಟು, ಮರುಮಾತಿಗೆ ನಿಲ್ಲದೆ ಮುಂದಿನ ಮನೆಗೆ ನಡೆದುಬಿಡುವುದು ಆಶ್ಚರ್ಯವೇ ಸರಿ.

ತಾವು ಸ್ಪರ್ಧಿಸುತ್ತಿರುವ ಸ್ಥಾನದಿಂದ ಏನು ಮಾಡಲು ಸಾಧ್ಯ ಎಂಬುದನ್ನು ಅವರು ಮೊದಲು ತಿಳಿಸಬೇಕು. ತೋಡಿಗೆ ಕಾಲುಸಂಕ, ಬೀದಿದೀಪ, ಅಂಗನವಾಡಿ ಇವು ಗ್ರಾಮ ಪಂಚಾಯತಿನ ಕೆಲಸಗಳು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೆಳಸೇತುವೆ ಮಾಡಿಸುತ್ತೇನೆಂದು ವಾರ್ಡಿನ ಅಭ್ಯರ್ಥಿ ಮಾತು ಕೊಡುವುದಾದರೆ, ಪಂಚಾಯತು ಠರಾವು ಮಾಡಿ ಕಳುಹಿಸಬಲ್ಲದಷ್ಟೆ, ತೀರ್ಮಾನ ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು ಎಂಬುದನ್ನೂ ಜತೆಗೇ ಹೇಳಬೇಕು.

ಗಡಿನಾಡಿನ ಕನ್ನಡಿಗರಿಗೆ ಇದು ಹೆಚ್ಚು ತಟ್ಟುವುದು ಶಾಲೆಯ ವಿಷಯದಲ್ಲಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ, ಹೆತ್ತವರು ಪ್ರತಿಭಟನೆಗಿಳಿದ ಪ್ರಸಂಗಗಳು ನಮ್ಮಲ್ಲಿ ನಡೆದಿವೆ. ಚುನಾವಣೆ ಬಂದಾಗ ‘ಕನ್ನಡವನ್ನು ಉಳಿಸುತ್ತೇವೆ’ ಎಂದು ಎಲ್ಲ ಪಕ್ಷದವರೂ ಹೇಳುತ್ತಾರೆ. ಆದರೆ ಸರಕಾರಿ ಶಾಲೆಯ ಅಧ್ಯಾಪಕರನ್ನು ಆಯ್ಕೆ ಮಾಡುವುದು ರಾಜ್ಯದ ಲೋಕಸೇವಾ ಆಯೋಗ. ಆಯ್ಕೆಯ ಯಾವ ಹಂತದಲ್ಲಿ ಕನ್ನಡ ಜ್ಞಾನವನ್ನು ಪರೀಕ್ಷಿಸಬೇಕು, ಅದಕ್ಕೆ ಯಾವ ನಿಯಮ ತಿದ್ದಬೇಕು, ಶಾಸಕನಾದರೆ ಸದನದಲ್ಲಿ ಏನು ಕೇಳುತ್ತೇನೆ ಎಂದು ಬಿಡಿಸಿ ಹೇಳಿದವರ ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. 2021ರಲ್ಲಿ ಮಂಜೇಶ್ವರದಿಂದ ಗೆದ್ದವರು ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದ್ದು ಸಂತೋಷದ ಸಂಗತಿಯೇ. ಆದರೂ ಮಕ್ಕಳ ಪಾಠ ನಿಂತಿರುವ ಹೆತ್ತವರಿಗೆ ಬೇಕಾದದ್ದು ಈ ವಿವರ.

ಇಲ್ಲಿ ಒಂದು ಎಚ್ಚರವೂ ಅಗತ್ಯ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಯಾಚಿಸುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೆಯ ಸೆಕ್ಷನ್ನಿನ ಪ್ರಕಾರ ಭ್ರಷ್ಟಾಚರಣೆ. ಮತದಾರರ ಭಾಷೆಯನ್ನು ಮುಂದಿಟ್ಟು ಕೇಳುವುದೂ ಇದರಲ್ಲಿ ಸೇರುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2017ರಲ್ಲಿ ಬಹುಮತದಿಂದ ತೀರ್ಪಿತ್ತಿದೆ. ಆದ್ದರಿಂದ ‘ನಾನೂ ಕನ್ನಡಿಗ, ನೀವೂ ಕನ್ನಡಿಗರು, ಮತ ನನಗೇ ಕೊಡಿ’ ಎನ್ನುವುದು ಸಲ್ಲದು. ಕನ್ನಡದಲ್ಲಿ ಮಾತನಾಡುವುದಕ್ಕೂ, ಭಾಷಾ ಅಲ್ಪಸಂಖ್ಯಾತರ ಕುಂದುಕೊರತೆಗಳನ್ನು ಚರ್ಚಿಸುವುದಕ್ಕೂ ಅಡ್ಡಿಯಿಲ್ಲ.

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಸಭೆ, ಮೆರವಣಿಗೆಗಳು ನಿಲ್ಲಬೇಕು. ಅಲ್ಲಿಯವರೆಗಿನ ಪ್ರತಿ ಸಭೆಯಲ್ಲೂ ಹಾರತುರಾಯಿಗಳಿಗೆ ಕೊಡುವ ಸಮಯದಲ್ಲಿ ಹತ್ತು ನಿಮಿಷ ಉಳಿಸಿ, ಧ್ವನಿವರ್ಧಕವನ್ನು ಮತದಾರರ ಕೈಗೆ ಕೊಟ್ಟು, ಅವರು ಕೇಳಿದ್ದಕ್ಕೆ ಅಭ್ಯರ್ಥಿಯೇ ಉತ್ತರಿಸುವಂತಾಗಲಿ.