ಬರೆದದ್ದು ವಾಪಸ್ ಕೈಗೆ ಬರುತ್ತದಾ?

ಕಾರವಾರ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ. ಅಂಕೋಲೆ, ಕುಮಟೆಯಲ್ಲಿ ಅಂಗಡಿ ಬಾಗಿಲು ತೆರೆಯುತ್ತಾ ಕೇಳುತ್ತಿರುವವರಿಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುತ್ತಾ ಕೇಳುತ್ತಿರುವವರಿಗೆ, ಎಲ್ಲರಿಗೂ.

ಬ್ಲಾಗ್ ಬರೆಯುವವರು ಇಂಥದ್ದೇ ತಾಣ ಬೇಕು ಅಂತ ಯಾಕೆ ಆರಿಸಿಕೊಳ್ಳುತ್ತಾರೆ? ಇವತ್ತು ನನಗೆ ಕೊಟ್ಟಿರುವ ವಿಷಯ ಇದು. ಸುಮಾರು ಹದಿನೈದು ವರ್ಷದಿಂದ ಬೇರೆಯವರಿಗೆ ಬ್ಲಾಗ್ ಮಾಡಿಕೊಡುತ್ತಾ ಬಂದಿದ್ದೇನೆ. ಬಂದವರು ಕೇಳುವ ಮೊದಲ ಪ್ರಶ್ನೆ, ಯಾವುದು ಚಂದ ಕಾಣುತ್ತದೆ? ಎರಡನೆಯದು, ಯಾವುದು ಪುಕ್ಕಟೆ? ಎರಡನ್ನೂ ಆಮೇಲೆ ಕೇಳಿ ಅನ್ನುತ್ತೇನೆ. ಮೊದಲು ಕೇಳಬೇಕಾದದ್ದು ಇದು: ನಾನು ಬರೆದದ್ದೆಲ್ಲ ಬೇಕಾದಾಗ ವಾಪಸ್ ನನ್ನ ಕೈಗೆ ಬರುತ್ತದಾ?

ಬ್ಲಾಗ್ ಗೊತ್ತಿಲ್ಲದವರಿಗೆ ಎರಡು ಮಾತು. ಕವಿತೆ, ಅಡುಗೆ, ತೋಟದ ಅನುಭವ, ಏನು ಬೇಕಾದರೂ ನೀವೇ ಬರೆದು ಅಂತರ್ಜಾಲದಲ್ಲಿ ನೀವೇ ಪ್ರಕಟಿಸುವ ಪುಟ ಅದು. ಆ ಪುಟಕ್ಕೆ ಜಾಗ ಕೊಡುವುದು ತಾಣ. ಬ್ಲಾಗರ್ ಅಂತ ಒಂದಿದೆ, 1999ರಲ್ಲಿ ಶುರುವಾದದ್ದು, 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಅದೇ ವರ್ಷ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್ ಬಂತು. 2012ರಲ್ಲಿ ಮೀಡಿಯಂ. ಬ್ಲಾಗರ್ ಕಟ್ಟಿದವರಲ್ಲಿ ಒಬ್ಬರಾದ ಇವಾನ್ ವಿಲಿಯಮ್ಸ್ ಅವರೇ ಮೀಡಿಯಂ ಶುರು ಮಾಡಿದ್ದು.

ಕನ್ನಡದ ಎಷ್ಟೋ ಮಂದಿ ಬ್ಲಾಗರ್ ಹಿಡಿದರು. ಬ್ಲಾಗ್‌ಸ್ಪಾಟ್ ಅಂದರೆ ನಿಮಗೆ ಬೇಗ ಗೊತ್ತಾಗಬಹುದು. ಜಿಮೇಲ್ ಇದ್ದರೆ ಸಾಕಾಗಿತ್ತು. ಬರೆಯುವ ಜಾಗದಲ್ಲೇ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಅನುಕೂಲವೂ ಬಂತು. ಇಲ್ಲದಿದ್ದರೆ ಬರಹ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ತಂದು ಅಂಟಿಸಬೇಕಿತ್ತು. ಬದಲಾಯಿಸಲು ಮರೆತರೆ ಓದುವವರಿಗೆ ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಾಗಾಗಿ ಬೆರಳಿಗೆ ಸುಲಭವಾದದ್ದನ್ನು ಜನ ಆರಿಸಿದರು. ತಪ್ಪೇನಿಲ್ಲ. ಆದರೆ ಅಷ್ಟೇ ನೋಡಿದರೆ ಏನಾಗುತ್ತದೆ ಅಂತ ಹೇಳುತ್ತೇನೆ, ಕೇಳಿ.

ನನ್ನ ಸೋದರತ್ತೆ ಒಬ್ಬರಿದ್ದಾರೆ. ಶಿರಸಿಯಿಂದ ಒಳಗೆ, ತೋಟದ ಅಂಚಿನಲ್ಲಿ ಮನೆ. ತಂಬುಳಿ ಮಾಡುವುದರಲ್ಲಿ ಎತ್ತಿದ ಕೈ. ಮಗಳು ಮದುವೆಯಾಗಿ ಪುಣೆಗೆ ಹೋದ ಮೇಲೆ ಅವಳಿಗಾಗಿ ಬರೆಯಲು ಕೂತರು. ಸಾಂಬಾರು ಸೊಪ್ಪು, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಒಂದೊಂದರ ತಂಬುಳಿಗೂ ಒಂದೊಂದು ಬರಹ. ಒಂದೆಲಗದ್ದು ನನಗೆ ಈಗಲೂ ಬಾಯಿಪಾಠ. ಎಲೆಯನ್ನು ತುಪ್ಪದಲ್ಲಿ ಬಾಡಿಸಬೇಕು, ಕಂದಬಾರದು. ಜೀರಿಗೆ, ನಾಲ್ಕೇ ಕಾಳುಮೆಣಸು, ಚಟಪಟ ಅಂದ ಕೂಡಲೇ ಇಳಿಸಬೇಕು. ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಅವತ್ತೇ ಕಡೆದ ಮಜ್ಜಿಗೆಗೆ ಹಾಕಬೇಕು. ಕೊನೆಗೆ ಒಂದು ಸಾಲು ಸೇರಿಸಿದ್ದರು: ಬಚ್ಚಲ ನೀರು ಹೋಗುವಲ್ಲಿ ಬೆಳೆದ ಒಂದೆಲಗ ಬೇಡ, ತೋಟದ ಕಾಲುವೆ ಅಂಚಿನದ್ದೇ ಆಗಬೇಕು. ಇಂಥ ಸಾಲು ಯಾವ ಅಡುಗೆ ಪುಸ್ತಕದಲ್ಲಿ ಸಿಗುತ್ತದೆ ಹೇಳಿ?

ನಾಲ್ಕು ವರ್ಷದಲ್ಲಿ ನೂರಿಪ್ಪತ್ತು ಬರಹ ಆಯಿತು. ಅವರು ಬರೆಯುತ್ತಿದ್ದ ತಾಣದ ಹೆಸರು ಇಲ್ಲಿ ಬೇಡ. ನೋಡಲು ಬಹಳ ಚಂದ ಇತ್ತು. ಸುತ್ತ ಹೂವಿನ ಅಂಚು, ಫೋಟೋ ಪರದೆ ತುಂಬಾ ಬರುತ್ತಿತ್ತು. ಆರಿಸಿಕೊಟ್ಟವನು ನಾನೇ. ಆಗ ನಾನೂ ಚಂದವನ್ನೇ ನೋಡಿದ್ದೆ.

ಒಂದು ಮಳೆಗಾಲ. ಅತ್ತೆಯ ಊರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಮೂರನೇ ದಿನ ಫೋನ್ ಬಂತು. "ತಮಾ, ನಾ ಬರೆದಿದ್ದೆಲ್ಲ ಎಲ್ಲಿ ಹೋತು? ಕರೆಂಟ್ ಹೋಗಿದ್ದಕ್ಕೆ ಹೋತಾ?" ನೋಡಿದರೆ ತಾಣವೇ ಮುಚ್ಚಿತ್ತು. ಮೂರು ತಿಂಗಳ ಹಿಂದೆ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂದಿತ್ತಂತೆ. ಸೀರೆ ಅಂಗಡಿಯ ಜಾಹೀರಾತುಗಳ ನಡುವೆ ಅದು ಓದದೇ ಬಿದ್ದಿತ್ತು.

ಇಂಟರ್ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಇದೆ. 1996ರಿಂದ ಜಾಲಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದೆ. ಅದರ ವೇಬ್ಯಾಕ್ ಮಷೀನ್‌ನಲ್ಲಿ ಮೂರು ರಾತ್ರಿ ಹುಡುಕಿದೆ. 37 ಬರಹ ಸಿಕ್ಕಿದವು. ಪುಣೆಯ ಮಗಳು ಪ್ರಿಂಟ್ ತೆಗೆದು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದ ಹಾಳೆಗಳು 11, ಎಲ್ಲದರ ಮೇಲೂ ಎಣ್ಣೆ ಕಲೆ. ಉಳಿದದ್ದು ಹೋಯಿತು. ಒಂದೆಲಗದ್ದು ಸಿಕ್ಕಿತು, ಆದರೆ ಫೋಟೋ ಇದ್ದ ಕಡೆ ಖಾಲಿ ಚೌಕ. ಮತ್ತೆ ಬರೆಯಿರಿ ಅತ್ತೆ ಅಂದೆ. "ಆಯಿ ಹೇಳಿದ್ದು ಆವಾಗ ನೆನಪಿತ್ತು ತಮಾ, ಈಗ ಎಲ್ಲಾ ನೆನಪಿಲ್ಲೆ" ಅಂದರು.

ಅವತ್ತಿನಿಂದ ನಾನು ಯಾರಿಗೆ ಬ್ಲಾಗ್ ಮಾಡಿಕೊಟ್ಟರೂ ಮೊದಲು ಕೇಳುವುದು ಅದೇ. ಬರೆದದ್ದು ವಾಪಸ್ ಕೈಗೆ ಬರುತ್ತದಾ?

ಅತ್ತೆಯ ತಾಣ ಸಣ್ಣದಾಗಿತ್ತು, ಅದಕ್ಕೇ ಮುಚ್ಚಿತು ಅಂದುಕೊಳ್ಳಬೇಡಿ. ದೊಡ್ಡ ಕಂಪನಿಗಳ ತಾಣಗಳೂ ಮುಚ್ಚಿವೆ. ಯಾಹೂವಿನ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಟ್ವಿಟರ್ ಕೊಂಡುಕೊಂಡ ಪೋಸ್ಟರಸ್ 2013ರಲ್ಲಿ ಹೋಯಿತು. ಮೈಕ್ರೋಸಾಫ್ಟ್‌ನ ಸ್ಪೇಸಸ್ 2011ರಲ್ಲಿ ನಿಂತಿತು, ಆದರೆ ಬರಹಗಳನ್ನೆಲ್ಲ ವರ್ಡ್‌ಪ್ರೆಸ್‌ಗೆ ಸಾಗಿಸಿಕೊಳ್ಳಲು ಅವರೇ ದಾರಿ ಮಾಡಿಕೊಟ್ಟರು. ಹಾಗೆ ಮಾಡಿದರೆ ಸಿಟ್ಟು ಮಾಡುವಂಥದ್ದೇನೂ ಇಲ್ಲ.

ನಮ್ಮ ಜಿಲ್ಲೆಯವರಿಗೆ ಗೇಣಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ದಿನಕರ ದೇಸಾಯಿಯವರು ಗೇಣಿದಾರರ ಪರವಾಗಿ ಹೋರಾಡಿದ ನೆಲ ಇದು. ಉಳುವವನೇ ಹೊಲದೊಡೆಯ ಅನ್ನುವ 1974ರ ಕಾಯ್ದೆ ಎಷ್ಟು ಮನೆಗಳಿಗೆ ಉಸಿರು ಕೊಟ್ಟಿತು ಅಂತ ಹಿರಿಯರನ್ನು ಕೇಳಿ. ಬ್ಲಾಗ್ ತಾಣದಲ್ಲಿ ಬರೆಯುವವರೆಲ್ಲ ಗೇಣಿದಾರರೇ. ನೆಲ ತಾಣದವರದ್ದು, ಬೆಳೆ ನಿಮ್ಮದು. ಹೊರಡು ಅಂದ ದಿನ ಬೆಳೆ ಕೊಯ್ದುಕೊಂಡು ಹೋಗಲು ಬಿಡುತ್ತಾರಾ? ಬಣ್ಣ, ಅಕ್ಷರದ ಅಳತೆ, ಹೂವಿನ ಅಂಚು ಎಲ್ಲ ಅದಾದ ಮೇಲೆ.

ಸಮಯ ಜಾಸ್ತಿ ಉಳಿದಿಲ್ಲ, ಮಾಡಬೇಕಾದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೊಸ ತಾಣಕ್ಕೆ ಸೇರಿದ ದಿನವೇ ಸೆಟ್ಟಿಂಗ್ಸ್ ತೆರೆದು ಎಕ್ಸ್‌ಪೋರ್ಟ್ ಅಥವಾ ಬ್ಯಾಕ್‌ಅಪ್ ಅನ್ನುವ ಸಾಲು ಹುಡುಕಿ. ಬರೆದದ್ದರ ಪ್ರತಿಯನ್ನು ಫೈಲಾಗಿ ನಿಮ್ಮ ಕೈಗೆ ಕೊಡುವುದು ಅದೇ. ಬ್ಲಾಗರ್‌ನಲ್ಲಿ ಇದೆ, ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್ ಕೆಳಗೆ ಇದೆ, ಮೀಡಿಯಂನಲ್ಲೂ ಇದೆ. ಕೆಲವು ಕಡೆ ಕನ್ನಡದಲ್ಲಿ ರಫ್ತು ಅಂತ ಬರೆದಿರುತ್ತದೆ. ಬಂದರಿನ ಊರಿನವರಿಗೆ ಆ ಪದ ಹೊಸದಲ್ಲ. ಆ ಸಾಲು ಎಲ್ಲೂ ಕಾಣದಿದ್ದರೆ ಅಲ್ಲಿ ಬರೆಯಬೇಡಿ. ಎಷ್ಟೇ ಚಂದ ಇರಲಿ, ಬೇಡ.

ಇನ್ನೊಂದು. ಆ ಬ್ಯಾಕ್‌ಅಪ್ ಫೈಲಿನಲ್ಲಿ ಸಾಮಾನ್ಯವಾಗಿ ಬರುವುದು ಬರಹ ಮಾತ್ರ. ಫೋಟೋಗಳನ್ನು ಬೇರೆಯಾಗಿ ತೆಗೆದಿಡಿ. ಸ್ವಂತ ವಿಳಾಸ, ಅಂದರೆ ಡೊಮೇನ್, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಅದಿದ್ದರೆ ನಾಳೆ ತಾಣ ಬದಲಾಯಿಸಿದರೂ ಓದುಗರು ಹಳೇ ವಿಳಾಸಕ್ಕೇ ಬರುತ್ತಾರೆ. ಬ್ಲಾಗರ್‌ನಲ್ಲಿ ಸ್ವಂತ ವಿಳಾಸ ಜೋಡಿಸಲು ಬೇರೆ ದುಡ್ಡು ಕೊಡಬೇಕಾಗಿಲ್ಲ. ವರ್ಡ್‌ಪ್ರೆಸ್ ತಂತ್ರಾಂಶವನ್ನು ಅಂತರ್ಜಾಲದಲ್ಲಿ ಬಾಡಿಗೆಗೆ ಪಡೆದ ಜಾಗದಲ್ಲಿ ನೀವೇ ಹಾಕಿಕೊಳ್ಳಬಹುದು, ಅದರ ದೇಖರೇಖಿಯೂ ನಿಮ್ಮದೇ. ಫೇಸ್‌ಬುಕ್ಕಿನಲ್ಲೇ ಬರೆದರೆ ಆಗದಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬರೆಯಿರಿ. ಎರಡು ವರ್ಷದ ಹಿಂದೆ ಬರೆದದ್ದನ್ನು ಅಲ್ಲಿ ಒಮ್ಮೆ ಹುಡುಕಿ ನೋಡಿ, ಆಮೇಲೆ ಮಾತಾಡೋಣ.

ಅತ್ತೆ ಈಗ ಬ್ಲಾಗರ್‌ನಲ್ಲಿ ಬರೆಯುತ್ತಿದ್ದಾರೆ, ಸ್ವಂತ ವಿಳಾಸದಲ್ಲಿ. ಏಕಾದಶಿ ದಿನ ಅಡುಗೆಮನೆ ಕೆಲಸ ಕಡಿಮೆ, ಹಾಗಾಗಿ ಬ್ಯಾಕ್‌ಅಪ್ ಅವತ್ತೇ. ಫೈಲು, ಫೋಟೋ ಎರಡೂ ಪೆನ್‌ಡ್ರೈವ್‌ಗೆ ಹೋಗುತ್ತವೆ. ಮಳೆಗಾಲದ ಥಂಡಿ ತಾಗಬಾರದು ಅಂತ ಪೆನ್‌ಡ್ರೈವನ್ನು ಅಕ್ಕಿ ಡಬ್ಬದಲ್ಲಿ ಇಡುತ್ತಾರೆ. ಇನ್ನೊಂದು ಪ್ರತಿ ಪುಣೆಯಲ್ಲಿ ಮಗಳ ಹತ್ತಿರ, ಮತ್ತೊಂದು ನನ್ನ ಹತ್ತಿರ. ಮೊನ್ನೆ ಒಂದೆಲಗದ ತಂಬುಳಿ ಮಾಡಿ, ಬಟ್ಟಲಿನ ಪಕ್ಕ ಕಾಲುವೆ ಅಂಚಿನಿಂದ ಕಿತ್ತು ತಂದ ಎಲೆ ಇಟ್ಟು, ಹೊಸ ಫೋಟೋ ಹಾಕಿದ್ದಾರೆ.

ನಮಸ್ಕಾರ.